ಬಿಗಿಹಿಡಿತದ ಬಹುರೂಪಿ

ಕನ್ನಡಿಗರಿಗೆ ಪ್ರಕಾಶ್ ರೈ, ಚೆನ್ನೈಗೆ ಪ್ರಕಾಶ್ ರಾಜ್. ಖಳ, ಕವಿ, ನಗೆಗಾರ, ಅಪ್ಪ, ನೇಕಾರ ಎಂದು ಇಷ್ಟೊಂದು ಪಾತ್ರಗಳಲ್ಲಿ ಕಂಡ ಈ ನಟನ ಒಳಗುಟ್ಟು ವೇಷದಲ್ಲಿಲ್ಲ. ಅದನ್ನು ಹುಡುಕುತ್ತ ಹೋದರೆ ನೋಡಲೇಬೇಕಾದ ಚಿತ್ರಗಳ ಪಟ್ಟಿಯೂ ತಾನಾಗಿ ಸಿದ್ಧವಾಗುತ್ತದೆ.

ನಟನ ಬಹುಮುಖತೆಯನ್ನು ಚೆನ್ನೈ ಬಹುಕಾಲದಿಂದ ವೇಷ ಎಣಿಸಿ ಅಳೆಯುತ್ತ ಬಂದಿದೆ. 1964ರ ‘ನವರಾತ್ರಿ’ಯಲ್ಲಿ ಶಿವಾಜಿ ಗಣೇಶನ್ ಒಂಬತ್ತು ಪಾತ್ರ ಮಾಡಿದರು, 2008ರ ‘ದಶಾವತಾರಂ’ನಲ್ಲಿ ಕಮಲ ಹಾಸನ್ ಹತ್ತು ಮಾಡಿದರು. ಮೂಗು, ಮೀಸೆ, ಮೈಬಣ್ಣ, ನಡಿಗೆ ಎಲ್ಲ ಬದಲಾಗಿ, ಇವನು ಅವನೇ ಹೌದೇ ಎಂದು ಪ್ರೇಕ್ಷಕ ಕಣ್ಣುಜ್ಜಿಕೊಂಡರೆ ನಟ ಗೆದ್ದ ಹಾಗೆ. ಈ ಅಳತೆಗೋಲು ಹಿಡಿದರೆ ಪ್ರಕಾಶ್ ರೈ ಪಾಸಾಗುವುದು ಕಷ್ಟ. ಮೂವತ್ತು ವರ್ಷಗಳಿಂದ ಹೆಚ್ಚುಕಡಿಮೆ ಅದೇ ಮುಖ, ಅದೇ ಮೈಕಟ್ಟು, ಅದೇ ಗಡಸು ದನಿ. ಬಣ್ಣದ ಮರೆಯಲ್ಲಿ ಅವರು ಅಡಗಿದ್ದು ಅಪರೂಪ. ಆದರೂ ‘ಗಿಲ್ಲಿ’ಯಲ್ಲಿ ಅವರನ್ನು ಕಂಡು ಹಲ್ಲು ಕಡಿದವರೇ ‘ಅಭಿಯುಂ ನಾನುಂ’ ನೋಡುತ್ತ ಕಣ್ಣೊರೆಸಿಕೊಂಡರು. ಮುಖ ಬದಲಾಗದೆ ಮನುಷ್ಯ ಬದಲಾಗುವುದು ಹೇಗೆ? ಅವರ ಒಳ್ಳೆಯ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಅವರೆಲ್ಲ ಹೆಚ್ಚುಕಡಿಮೆ ಒಂದೇ ಸ್ವಭಾವದ ಗಂಡಸರು. ತನ್ನದು ಎಂದುಕೊಂಡದ್ದನ್ನು, ಅದು ಹೆಂಡತಿಯಿರಲಿ, ಮಗಳಿರಲಿ, ಮೊಮ್ಮಗನಿರಲಿ, ಅಧಿಕಾರವಿರಲಿ, ಒಮ್ಮೆ ಹಿಡಿದ ಮೇಲೆ ಬಿಡಲು ಬಾರದವರು. ಆ ಹಿಡಿತ ಒಂದು ಚಿತ್ರದಲ್ಲಿ ಭಯ ಹುಟ್ಟಿಸುತ್ತದೆ, ಇನ್ನೊಂದರಲ್ಲಿ ನಗಿಸುತ್ತದೆ, ಮತ್ತೊಂದರಲ್ಲಿ ಕರುಳು ಹಿಂಡುತ್ತದೆ. ಒಂದೇ ಮನೋಧರ್ಮವನ್ನು ಇಷ್ಟು ರಸಗಳಲ್ಲಿ ಹರಿಸಿದ ಇನ್ನೊಬ್ಬ ನಟ ದಕ್ಷಿಣದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ರೈ ಅವರ ಬಹುಮುಖತೆ ಎಂದರೆ ಇದೇ ಎಂಬುದು ಈ ಬರಹದ ವಾದ.

ಎದುರು ದಿಕ್ಕಿನ ಪಯಣ

ಅವರು ಚೆನ್ನೈಗೆ ಹೋದ ಕಾಲವನ್ನು ಗಮನಿಸಬೇಕು. ಐವತ್ತು, ಅರವತ್ತರ ದಶಕಗಳಲ್ಲಿ ಕನ್ನಡ ಚಿತ್ರರಂಗವೇ ಮದರಾಸಿನಲ್ಲಿತ್ತು. ಅಲ್ಲಿನ ಸ್ಟುಡಿಯೊಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದವು. ರಾಜ್‌ಕುಮಾರ್ ಸಂಸಾರವೂ ಅಲ್ಲೇ ಇತ್ತು. ತೊಂಬತ್ತರ ದಶಕ ಬರುವಷ್ಟರಲ್ಲಿ ಉದ್ಯಮ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಗಾಂಧಿನಗರಕ್ಕೆ ಬಂದಾಗಿತ್ತು. ರೈ ಹೊರಟದ್ದು ಎದುರು ದಿಕ್ಕಿಗೆ, ಒಬ್ಬಂಟಿಯಾಗಿ. ಬೆಂಗಳೂರಿನ ರಂಗಭೂಮಿ, ಸದಾನಂದ ಸುವರ್ಣರ ದೂರದರ್ಶನ ಧಾರಾವಾಹಿ ‘ಗುಡ್ಡದ ಭೂತ’, ಕೆ.ಎಸ್.ಎಲ್. ಸ್ವಾಮಿಯವರ ‘ಹರಕೆಯ ಕುರಿ’ (1992) ಅವರ ಬಂಡವಾಳ. ಆ ಚಿತ್ರದಲ್ಲಿ ಜೊತೆಗೆ ನಟಿಸಿದ ಗೀತಾ ಅವರ ಮೂಲಕ ಕೆ. ಬಾಲಚಂದರ್ ಪರಿಚಯವಾಗಿ 1994ರಲ್ಲಿ ‘ಡ್ಯುಯೆಟ್’ ಸಿಕ್ಕಿತು. 1975ರ ‘ಅಪೂರ್ವ ರಾಗಂಗಳ್’ನಲ್ಲಿ ಬೆಂಗಳೂರಿನ ಶಿವಾಜಿರಾವ್‌ನನ್ನು ರಜನಿಕಾಂತ್ ಮಾಡಿದ ನಿರ್ದೇಶಕರೇ ಇಲ್ಲಿ ರೈಯನ್ನು ರಾಜ್ ಮಾಡಿದರು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಮೊಳಗಿದ, ನಮ್ಮ ರಮೇಶ್ ಅರವಿಂದ್ ಕೂಡ ನಟಿಸಿದ ಆ ಚಿತ್ರದಲ್ಲಿ ರೈ ಅವರದು ನಾಯಕಿಗಾಗಿ ಹಟ ಹಿಡಿಯುವ ಸಿನಿಮಾ ತಾರೆಯ ಪಾತ್ರ. ಮುಂದೆ ತಮ್ಮ ನಿರ್ಮಾಣ ಸಂಸ್ಥೆಗೂ ಅವರು ‘ಡ್ಯುಯೆಟ್’ ಎಂದೇ ಹೆಸರಿಟ್ಟರು.

ಒಬ್ಬಂಟಿಯಾಗಿ ಹೋದದ್ದೇ ಅನುಕೂಲವಾಯಿತು. ಹೀರೊ ಆದವನಿಗೆ ಅಭಿಮಾನಿ ಸಂಘಗಳ ಕಾವಲು ಇರುತ್ತದೆ. ಕೆಟ್ಟವನಾಗುವಂತಿಲ್ಲ, ಸೋಲುವಂತಿಲ್ಲ, ಮುದುಕನಾಗುವಂತೂ ಇಲ್ಲ. ಪೋಷಕ ನಟನಿಗೆ ಆ ಕಾಟವಿಲ್ಲ. ಚೆನ್ನೈನ ಸಿನಿಮಾ ಕೇರಿ ಕೋಡಂಬಾಕ್ಕಂನಲ್ಲಿ ನೆಲೆ ನಿಂತವನಿಗೆ ತೆಲುಗು, ಮಲಯಾಳಂ, ಕನ್ನಡ ಮೂರೂ ಕೈಗೆಟುಕುವ ದೂರದಲ್ಲಿದ್ದವು. ಭಾಷೆ ಕಲಿತು ಸ್ವಂತ ದನಿಯಲ್ಲೇ ಮಾತಾಡುವ ಛಲವಿದ್ದ ನಟನಿಗೆ ಒಂದೇ ವರ್ಷದಲ್ಲಿ ಖಳನೂ ಅಪ್ಪನೂ ವಿದೂಷಕನೂ ಆಗುವ ಅವಕಾಶ ಅಲ್ಲಿತ್ತು. ಹೀರೊ ಆಗದೆ ಉಳಿದದ್ದರಿಂದಲೇ ಅವರಿಗೆ ಇಷ್ಟು ಬಗೆ ದಕ್ಕಿತು.

ಬೀಗ ಹಾಕುವವನು

ಈ ಹಿಡಿತದ ಕಥೆಯನ್ನು ಕನ್ನಡದಿಂದಲೇ ಶುರು ಮಾಡಬೇಕು. ಗಿರೀಶ ಕಾರ್ನಾಡರ ನಾಟಕ ಆಧರಿಸಿ ಟಿ.ಎಸ್. ನಾಗಾಭರಣ 1997ರಲ್ಲಿ ತೆರೆಗೆ ತಂದ ‘ನಾಗಮಂಡಲ’ ಪಟ್ಟಿಯಲ್ಲಿ ಮೊದಲನೆಯದು. ಅಪ್ಪಣ್ಣ ಎಳೆ ಹೆಂಡತಿ ರಾಣಿಯನ್ನು ಮನೆಯಲ್ಲಿ ಕೂಡಿಹಾಕಿ, ಹೊರಗಿನಿಂದ ಬೀಗ ಜಡಿದು, ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಅದೇ ರೂಪದಲ್ಲಿ ನಾಗ ಬರುತ್ತದೆ. ಎರಡೂ ಪಾತ್ರ ರೈ ಅವರದೇ. ಇಲ್ಲಿ ವೇಷ ಬದಲಿಸುವ ಉಪಾಯವನ್ನು ಕಥೆಯೇ ಕಿತ್ತುಕೊಂಡಿದೆ, ಏಕೆಂದರೆ ರಾಣಿಗೆ ಇಬ್ಬರೂ ಒಬ್ಬನೇ ಎನ್ನಿಸಬೇಕು, ಪ್ರೇಕ್ಷಕನಿಗೆ ಮಾತ್ರ ಇಬ್ಬರು ಕಾಣಬೇಕು. ಹಗಲಿನವನ ಮಾತೆಲ್ಲ ಅಪ್ಪಣೆ, ಇರುಳಿನವನ ಮಾತೆಲ್ಲ ಲಲ್ಲೆ. ಒಂದೇ ಮುಖದಲ್ಲಿ ಎರಡು ಹವೆ. ಇನ್ನೂ ಸೂಕ್ಷ್ಮವಾದದ್ದೊಂದಿದೆ. ಪ್ರೀತಿ ಸುರಿಸುವ ನಾಗಪ್ಪನೂ ರಾಣಿಗೆ ಒಂದು ಕಟ್ಟು ಹಾಕುತ್ತಾನೆ, ಏನನ್ನೂ ಕೇಳಬಾರದು ಎಂದು. ಗಂಡನ ಬೀಗ ಬಾಗಿಲಿಗೆ ಬಿದ್ದರೆ ಪ್ರಿಯಕರನ ಬೀಗ ಬಾಯಿಗೆ. ಹೊಡೆಯುವವನೂ ಮುದ್ದಿಸುವವನೂ ಹಿಡಿದೇ ಇಟ್ಟುಕೊಳ್ಳುವವರು ಎಂಬ ಈ ಹೊಳಹು ರೈ ಅವರ ಮುಂದಿನ ಪಾತ್ರಗಳಿಗೆಲ್ಲ ಕೈದೀಪ.

ಇದಕ್ಕೆ ಮೊದಲೇ ಬಂದ ವಸಂತ್ ನಿರ್ದೇಶನದ ‘ಆಸೈ’ (1995) ಥ್ರಿಲ್ಲರ್. ಹೆಂಡತಿಯ ತಂಗಿಯ ಮೇಲೆ ಕಣ್ಣಿಟ್ಟ ಸೇನಾಧಿಕಾರಿ ಇದರ ಖಳ. ಅವನು ಗುಡುಗುವುದಿಲ್ಲ, ಮನೆಯ ಹಿರಿಯನ ಹಾಗೆ ಕಾಳಜಿ ತೋರುತ್ತಾನೆ. ಭಯ ಹುಟ್ಟುವುದೇ ಆ ಕಾಳಜಿಯಿಂದ. ಬಾಲಚಂದರ್ ಅವರ ‘ಕಲ್ಕಿ’ಯಲ್ಲಿ (1996) ಹೆಂಡತಿಯನ್ನು ಹಿಂಸಿಸಿ ಸುಖಪಡುವ ಗಂಡನಿದ್ದಾನೆ. ತೆಲುಗಿನಲ್ಲಿ ಕೃಷ್ಣವಂಶಿ ನಿರ್ದೇಶಿಸಿದ ‘ಅಂತಃಪುರಂ’ (1998) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಗ ಕೊಲೆಯಾದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಹೊರಡಲು ಸೊಸೆ ಸಿದ್ಧಳಾದರೆ, ಊರಗೌಡನಂಥ ಮಾವ ಅಡ್ಡ ನಿಲ್ಲುತ್ತಾನೆ. ಸೊಸೆಯಾಗಿ ನಮ್ಮ ಸೌಂದರ್ಯ, ಮಾವನಾಗಿ ರೈ. ಸೊಸೆಗೆ ಅವನು ರಾಕ್ಷಸ; ಅವನ ಲೆಕ್ಕದಲ್ಲಿ ಅವನು ವಂಶದ ಕೊನೆಯ ಕುಡಿಯನ್ನು ಕಾಯುವ ಅಜ್ಜ. ರೈ ಎರಡನೆಯದನ್ನು ಮನಸಾರೆ ನಂಬಿ ನಟಿಸಿದ್ದಾರೆ, ಹಾಗಾಗಿ ಮೊದಲನೆಯದು ಇನ್ನಷ್ಟು ಭೀಕರವಾಗಿದೆ. ರಾಷ್ಟ್ರಪ್ರಶಸ್ತಿ ಸಮಿತಿ ಈ ಪಾತ್ರವನ್ನು ವಿಶೇಷವಾಗಿ ಗುರುತಿಸಿದ್ದು ಸರಿಯಾಗಿಯೇ ಇದೆ.

ಹಿಡಿದದ್ದು ಹೆಣ್ಣು ಮಕ್ಕಳನ್ನೇ ಆಗಬೇಕಿಲ್ಲ ಎಂಬುದಕ್ಕೆ ಮಣಿರತ್ನಂ ಅವರ ‘ಇರುವರ್’ (1997) ಸಾಕ್ಷಿ. ಎಂ.ಜಿ. ರಾಮಚಂದ್ರನ್ ಮತ್ತು ಕರುಣಾನಿಧಿ ಅವರ ಸ್ನೇಹ, ವೈರಗಳ ನೆರಳಿನಲ್ಲಿ ಹೆಣೆದ ಕಥೆ. ತಾರೆ ಆನಂದನಾಗಿ ಮೋಹನ್‌ಲಾಲ್, ಕವಿ ಮತ್ತು ಪಕ್ಷದ ನಾಯಕ ತಮಿಳ್‌ಸೆಲ್ವನ್ ಆಗಿ ರೈ. ಇಡೀ ನಾಡು ದಿನವೂ ನೋಡುತ್ತಿದ್ದ ನಾಯಕನನ್ನು ನೆನಪಿಸುವ ಪಾತ್ರವನ್ನು ಕನ್ನಡದ ಹುಡುಗನೊಬ್ಬ ಮಾಡಹೊರಟರೆ ಅದು ಅಣಕವಾಗುವ ಅಪಾಯವೇ ಹೆಚ್ಚು. ರೈ ಅನುಕರಣೆಯ ದಾರಿ ಹಿಡಿಯಲಿಲ್ಲ. ಗೆಳೆಯನ ಜನಪ್ರಿಯತೆ ತನ್ನ ಪಕ್ಷವನ್ನು ಮೀರಿ ಬೆಳೆಯುವುದನ್ನು ನೋಡುವವನ ಇರಿಸುಮುರಿಸನ್ನೇ ಪಾತ್ರದ ಬೆನ್ನೆಲುಬು ಮಾಡಿಕೊಂಡರು. ಮೋಹನ್‌ಲಾಲ್ ಸಲೀಸಾಗಿ ಹರಿಯುತ್ತಾರೆ, ಇವರು ಬಿಗಿದುಕೊಂಡು ನಿಲ್ಲುತ್ತಾರೆ. ಚಿತ್ರ ನಡೆಯುವುದೇ ಈ ಎರಡು ಲಯಗಳ ಜಗ್ಗಾಟದಲ್ಲಿ. ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತ ಚಿತ್ರ ರೈ ಅವರಿಗೆ ಅತ್ಯುತ್ತಮ ಪೋಷಕ ನಟನ ರಾಷ್ಟ್ರಪ್ರಶಸ್ತಿ ತಂದಿತು. ರಾಜಕೀಯ ಚಿತ್ರವೆಂದರೆ ಬರೀ ಭಾಷಣ ಎಂದುಕೊಂಡವರು ಇದನ್ನು ನೋಡಬೇಕು.

ಒಂದೇ ಪಾತ್ರ, ಮೂರು ಭಾಷೆ

ಇಷ್ಟೆಲ್ಲ ನಿರ್ದೇಶಕರ ಜಾಣತನ, ನಟನದೇನಿದೆ ಎಂಬ ಪ್ರಶ್ನೆ ಏಳಬಹುದು. ಇದನ್ನು ಒರೆಗೆ ಹಚ್ಚಲು ರಿಮೇಕುಗಳಿಗಿಂತ ಒಳ್ಳೆಯ ಸಾಧನವಿಲ್ಲ. ಗುಣಶೇಖರ್ ಅವರ ತೆಲುಗು ‘ಒಕ್ಕಡು’ (2003), ಧರಣಿಯವರ ತಮಿಳು ‘ಗಿಲ್ಲಿ’ (2004), ಮೆಹರ್ ರಮೇಶ್ ಅವರ ಕನ್ನಡ ‘ಅಜಯ್’ (2006) ಒಂದೇ ಕಥೆಯ ಮೂರು ಚಿತ್ರಗಳು. ನಾಯಕರು ಕ್ರಮವಾಗಿ ಮಹೇಶ್ ಬಾಬು, ವಿಜಯ್, ಪುನೀತ್. ನಾಯಕ ಬದಲಾದ, ನಾಯಕಿ ಬದಲಾದಳು, ನಿರ್ದೇಶಕ ಬದಲಾದ. ಮದುವೆಗೆ ಒಲ್ಲೆನೆನ್ನುವ ಹುಡುಗಿಯ ಬೆನ್ನುಬಿದ್ದ ಖಳ ಮಾತ್ರ ಬದಲಾಗಲಿಲ್ಲ. ತೆಲುಗಿನ ಓಬುಲ್ ರೆಡ್ಡಿ ರಾಯಲಸೀಮೆಯ ದ್ವೇಷದ ನೆಲದಿಂದ ಎದ್ದುಬಂದವನು, ಅವನಲ್ಲಿ ಕ್ರೌರ್ಯದ ಪಾಲು ಜಾಸ್ತಿ. ಮಧುರೈಯ ಮುತ್ತುಪಾಂಡಿಯಲ್ಲಿ ಮೊಂಡು ಮಗುವೊಂದು ಇಣುಕುತ್ತದೆ. ಹುಡುಗಿಯ ಮನೆಯವರ ರಕ್ತ ಹರಿಸಿದ ಮೇಲೂ ಅವಳನ್ನು ‘ಚೆಲ್ಲಂ’ ಎಂದೇ ಮುದ್ದಿನಿಂದ ಕರೆಯುತ್ತಾನೆ. ಆಟಿಕೆ ಕಸಿದುಕೊಂಡವರ ಮೇಲೆ ಹಟ ಮಾಡುವ ಹಾಗೆ ನಾಯಕನ ಮೇಲೆ ಮುಗಿಬೀಳುತ್ತಾನೆ. ಸಂಭಾಷಣೆ ಬರೆದವರು ಬೇರೆಯವರಿರಬಹುದು, ಆದರೆ ಕೊಲೆಗಾರನ ಬಾಯಲ್ಲಿ ಆ ಸಲಿಗೆ ಒಪ್ಪುವಂತೆ ಮಾಡಿದ್ದು ನಟನೇ. ಇಪ್ಪತ್ತು ವರ್ಷಗಳ ಬಳಿಕ, 2024ರ ಏಪ್ರಿಲ್‌ನಲ್ಲಿ, ‘ಗಿಲ್ಲಿ’ ಮತ್ತೆ ತೆರೆಕಂಡಾಗ ತಮಿಳುನಾಡಿನ ಚಿತ್ರಮಂದಿರಗಳು ತುಂಬಿ ತುಳುಕಿದವು. ಮಾಸ್ ಚಿತ್ರ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಹೆಣ್ಣನ್ನು ಕಾಡುವವನನ್ನು ಇಷ್ಟು ರಂಜನೀಯ ಮಾಡುವುದು ಸರಿಯೇ? ಕಾಟ ಕೊಡುವವನ ಮಾತು ಪ್ರೇಕ್ಷಕನ ಬಾಯಿಪಾಠವಾದರೆ ಅದರ ಹೊಣೆ ಯಾರದು? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ‘ಗಿಲ್ಲಿ’ಯಲ್ಲಿ ಹುಡುಗಿಯ ಭಯಕ್ಕಿಂತ ಖಳನ ವರಸೆಗೇ ಹೆಚ್ಚು ಜಾಗ ಸಿಕ್ಕಿದೆ. ಆದ್ದರಿಂದಲೇ ಅದನ್ನು ಒಂಟಿಯಾಗಿ ನೋಡದೆ ‘ಆಸೈ’, ‘ಅಂತಃಪುರಂ’ಗಳ ಜೊತೆಗೆ ನೋಡಬೇಕು. ಅಲ್ಲಿ ಕ್ಯಾಮೆರಾ ಹೆಣ್ಣಿನ ಪಕ್ಕದಲ್ಲಿ ನಿಂತಿದೆ, ನಗಲು ಜಾಗವಿಲ್ಲ. ಅದೇ ನಟ, ಅದೇ ಹಿಡಿತ. ಆದರೆ ಸಲಿಗೆಯ ಸಿಪ್ಪೆ ಸುಲಿದು ಒಳಗಿನ ಹಿಂಸೆ ಬಯಲಾಗುತ್ತದೆ.

ಹಿಡಿತ ಜಾರಿದಾಗ

ಹಾಸ್ಯ ಹುಟ್ಟುವುದು ಇದೇ ಹಿಡಿತ ಕೈಜಾರಿದಾಗ. ‘ಗಿಲ್ಲಿ’ ಬಂದ ವರ್ಷವೇ ಬಂದ ‘ವಸೂಲ್ ರಾಜಾ ಎಂಬಿಬಿಎಸ್’ ಹಿಂದಿಯ ‘ಮುನ್ನಾಭಾಯಿ’ಯ ತಮಿಳು ರೂಪ, ಕಮಲ ಹಾಸನ್ ನಾಯಕ. ರೈ ಇಲ್ಲಿ ವೈದ್ಯಕೀಯ ಕಾಲೇಜಿನ ಡೀನ್. ತನ್ನ ಕಾಲೇಜು, ತನ್ನ ಶಿಸ್ತು, ತನ್ನ ಮಗಳು ಎಲ್ಲವೂ ಒಬ್ಬ ರೌಡಿಯ ಕೈಯಲ್ಲಿ ಸಿಕ್ಕಿ ಅಲ್ಲೋಲಕಲ್ಲೋಲವಾಗುವಾಗ ಡಾಕ್ಟರು ಕೋಪ ತಡೆದುಕೊಳ್ಳಲು ಗಹಗಹಿಸಿ ನಗುತ್ತಾನೆ. ನಗು ಬರಬೇಕಾದರೆ ಒಳಗೆ ಕೋಪ ನಿಜವಾಗಿ ಕುದಿಯುತ್ತಿರಬೇಕು. ರೈ ಅದನ್ನು ಕುದಿಸಿಯೇ ನಗುತ್ತಾರೆ. ಮುತ್ತುಪಾಂಡಿಯೂ ಈ ಡೀನ್ ಮಹಾಶಯನೂ ಒಂದೇ ವರ್ಷದ ಕೆಲಸ ಎಂಬುದು ನೆನಪಿರಲಿ. ಹಾಸ್ಯದ ಇನ್ನೊಂದು ತುದಿಯಲ್ಲಿ ರಾಧಾ ಮೋಹನ್ ನಿರ್ದೇಶಿಸಿದ, ರೈ ಅವರೇ ನಿರ್ಮಿಸಿದ ‘ಮೊಳಿ’ (2007) ಇದೆ. ಕಿವಿ ಕೇಳದ, ಮಾತು ಬಾರದ ಹುಡುಗಿಯಾಗಿ ಜ್ಯೋತಿಕಾ, ಅವಳಿಗೆ ಮನಸೋತ ಸಂಗೀತಗಾರನಾಗಿ ಪೃಥ್ವಿರಾಜ್, ಅವನ ಗೆಳೆಯನಾಗಿ ರೈ. ಈ ಗೆಳೆಯನಿಗೆ ಹಿಡಿದುಕೊಳ್ಳಲು ಯಾರೂ ಇಲ್ಲ, ಆದ್ದರಿಂದ ಮೈಯೂ ಹಗುರ, ಮಾತೂ ಹಗುರ. ಮನೆಮಂದಿಯೆಲ್ಲ ಕೂತು ನೋಡಲು ಪಟ್ಟಿಯಲ್ಲಿ ಇದಕ್ಕಿಂತ ಹಿತವಾದ ಚಿತ್ರವಿಲ್ಲ.

ಅಪ್ಪನ ಪಾತ್ರಗಳಲ್ಲಿ ಹಿಡಿತಕ್ಕೆ ಮಮತೆಯ ಹೆಸರು ಬರುತ್ತದೆ. ತೆಲುಗಿನ ‘ಬೊಮ್ಮರಿಲ್ಲು’ (2006), ಅದರ ತಮಿಳು ರೂಪ ‘ಸಂತೋಷ್ ಸುಬ್ರಮಣಿಯಂ’ (2008) ಎರಡರಲ್ಲೂ ಮಗ ತೊಡುವ ಬಟ್ಟೆಯನ್ನೂ ತಾನೇ ಆರಿಸುವ ಅಪ್ಪನಾಗಿ ರೈ ಇದ್ದಾರೆ. ಕೊನೆಯಲ್ಲಿ ಮಗ ಕಟ್ಟೆಯೊಡೆದಂತೆ ಮಾತಾಡುವಾಗ ಅಪ್ಪನ ಕೆಲಸ ಬರೀ ಕೇಳಿಸಿಕೊಳ್ಳುವುದು. ಅಷ್ಟು ಹೊತ್ತು ಮನೆಯನ್ನೆಲ್ಲ ಮಾತಿನಿಂದ ತುಂಬಿದವನು ಕೇಳಿಸಿಕೊಳ್ಳಲು ಕಲಿಯುವುದೇ ಆ ದೃಶ್ಯದ ಸ್ವಾರಸ್ಯ. ರಾಧಾ ಮೋಹನ್ ಅವರ ‘ಅಭಿಯುಂ ನಾನುಂ’ನಲ್ಲಿ (2008) ಮಗಳು ಮೊದಲ ಸಲ ಸೈಕಲ್ ಹತ್ತಿ ಶಾಲೆಗೆ ಹೊರಟರೆ ಅಪ್ಪನ ಜೀವ ಬಾಯಿಗೆ ಬರುತ್ತದೆ. ಇದನ್ನೇ ರೈ 2010ರಲ್ಲಿ ‘ನಾನು ನನ್ನ ಕನಸು’ ಎಂದು ಕನ್ನಡಕ್ಕೆ ತಂದು ತಾವೇ ನಿರ್ದೇಶಿಸಿದರು. ಅಪ್ಪ ಎರಡರಲ್ಲೂ ಅವರೇ. ಕನ್ನಡದಲ್ಲಿ ಮಗಳು ಅಮೂಲ್ಯ. ತಮಿಳು ಬಾರದವರು ಇಲ್ಲಿಂದ ಶುರು ಮಾಡಿದರೂ ನಷ್ಟವಿಲ್ಲ. ಕ್ರಿಕೆಟ್ ಹುಚ್ಚಿನ ಮಗನನ್ನು ಪುಸ್ತಕಕ್ಕೆ ಕಟ್ಟಿಹಾಕಲು ಹೋಗಿ ಅನಾಹುತ ಮಾಡಿಕೊಳ್ಳುವ ಅಪ್ಪನ ಕಥೆ ‘ಧೋನಿ’ (2012) ಕೂಡ ಅವರದೇ ನಿರ್ದೇಶನ. ಅಪ್ಪನ ಪ್ರೀತಿಯೇ ಮಗುವಿಗೆ ಪೆಟ್ಟಾಗುವ ಕಥೆಯನ್ನು ನಿರ್ದೇಶಕನಾಗಿಯೂ ಆರಿಸಿಕೊಂಡಿದ್ದಾರೆಂದರೆ, ಈ ಎಳೆ ಆಕಸ್ಮಿಕವಲ್ಲ.

ಎಲ್ಲ ಎಳೆಗಳೂ ಬಂದು ಕೂಡುವುದು ಪ್ರಿಯದರ್ಶನ್ ಅವರ ‘ಕಾಂಚೀವರಂ’ನಲ್ಲಿ. 2007ನೇ ಸಾಲಿನ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎರಡೂ ರಾಷ್ಟ್ರಪ್ರಶಸ್ತಿ ಇದಕ್ಕೆ ಬಂದವು. ಸ್ವಾತಂತ್ರ್ಯದ ಆಚೀಚಿನ ಕಾಂಚೀಪುರ. ಊರಿಗೆಲ್ಲ ರೇಷ್ಮೆ ನೇಯುವ ವೆಂಗಡಂನ ಮನೆಯಲ್ಲಿ ಒಂದು ರೇಷ್ಮೆ ಸೀರೆಯಿಲ್ಲ. ಮಗಳನ್ನು ರೇಷ್ಮೆ ಉಡಿಸಿಯೇ ಮದುವೆ ಮಾಡಿಕೊಡುತ್ತೇನೆಂದು ಅವಳು ಕೂಸಾಗಿದ್ದಾಗಲೇ ಮಾತು ಕೊಡುತ್ತಾನೆ. ಆ ಮಾತಿಗಾಗಿ ಒಡೆಯನ ಮಗ್ಗದಿಂದ ದಿನವೂ ಒಂದಿಷ್ಟು ರೇಷ್ಮೆ ಎಳೆಯನ್ನು ಬಾಯೊಳಗಿಟ್ಟುಕೊಂಡು ಹೊರಬರುತ್ತಾನೆ. ರಾತ್ರಿ ಮನೆಯಲ್ಲಿ ಗುಟ್ಟಾಗಿ ಕೂತು ನೇಯುತ್ತಾನೆ. ಬಾಯಲ್ಲಿ ನೂಲಿಟ್ಟುಕೊಂಡವನು ಬಾಯಿ ಬಿಡುವಂತಿಲ್ಲ. ಗಡಸು ದನಿಯಿಂದಲೇ ಹೆಸರು ಮಾಡಿದ ನಟ ಇಲ್ಲಿ ಗಲ್ಲ, ಗಂಟಲು, ಕಣ್ಣುಗಳಲ್ಲೇ ಕೆಲಸ ಮುಗಿಸಬೇಕು. ಮುಂದೆ ಅವನೇ ನೇಕಾರರ ಸಂಘ ಕಟ್ಟಿ ಮುಷ್ಕರ ಹೂಡುತ್ತಾನೆ. ಮಗ್ಗ ನಿಂತರೆ ಕದಿಯಲು ನೂಲೂ ಇಲ್ಲ. ಸಂಗಾತಿಗಳ ಹಕ್ಕೋ ಮಗಳ ಸೀರೆಯೋ ಎಂಬ ಇಕ್ಕಟ್ಟಿನಲ್ಲಿ ಅವನು ಆರಿಸುವ ದಾರಿ, ಅದು ಮುಟ್ಟಿಸುವ ಕೊನೆ ಇವನ್ನು ಇಲ್ಲಿ ಹೇಳಿಬಿಡುವುದು ನೋಡುವವರಿಗೆ ಅನ್ಯಾಯ. ಇಷ್ಟು ಹೇಳಬಹುದು. ಅಪ್ಪಣ್ಣನ ಬೀಗ, ಮುತ್ತುಪಾಂಡಿಯ ಹಟ, ಅಭಿಯ ಅಪ್ಪನ ಕಳವಳ ಮೂರೂ ಈ ಬ್ರಿಟಿಷ್ ಕಾಲದ ಬಡವನಲ್ಲಿ ಸೇರಿಕೊಂಡಿವೆ. ಆದರೆ ಅವನ ಕೈಯಲ್ಲಿ ಅಧಿಕಾರವಿಲ್ಲ. ಉಳ್ಳವನ ಹಿಡಿತ ಇತರರನ್ನು ಸುಡುತ್ತದೆ, ಇಲ್ಲದವನ ಹಿಡಿತ ಅವನ ಮನೆಯನ್ನೇ ಸುಡುತ್ತದೆ.

ಒಪ್ಪದವರಿಗೆ ಎರಡು ಮಾತು

ಒಂದೇ ಸ್ವಭಾವವಾದರೆ ಅದು ಬಹುಮುಖತೆ ಹೇಗಾಯಿತು, ಏಕತಾನವಲ್ಲವೇ ಎಂದು ಕೇಳಬಹುದು. ಅವರ ಅಚ್ಚು ಹೊಡೆದಂಥ ಖಳಪಾತ್ರಗಳನ್ನಷ್ಟೇ ನೋಡಿದವರಿಗೆ ಹಾಗನ್ನಿಸುವುದು ಸಹಜ. ಹೀರೊ ಕೈಯಲ್ಲಿ ಒದೆ ತಿನ್ನಲೆಂದೇ ಬರೆದ ಭೂಗಳ್ಳ, ಮಂತ್ರಿ, ಡಾನ್‌ಗಳು ರಾಶಿ ಬಿದ್ದಿವೆ; ಅವನ್ನು ಸಮರ್ಥಿಸುವ ಅಗತ್ಯವಿಲ್ಲ, ಈ ಪಟ್ಟಿಗೆ ಸೇರಿಸುವ ಅಗತ್ಯವೂ ಇಲ್ಲ. ಆ ಪಾತ್ರಗಳಲ್ಲಿ ಗದ್ದಲವಿದೆ, ಬಿಡಲಾಗದ ಸಂಕಟವಿಲ್ಲ. ಇನ್ನು ಹಿಡಿತದ ಮಾತೇ ಬಾರದ ಒಳ್ಳೆಯ ಪಾತ್ರಗಳೂ ಇವೆ. ‘ಕನ್ನತ್ತಿಲ್ ಮುತ್ತಮಿಟ್ಟಾಲ್’ನ (2002) ಸಿಂಹಳೀಯ ವೈದ್ಯ ಪರದೇಶದ ದಂಪತಿಗೆ ದಾರಿ ತೋರುವ ಸೌಮ್ಯ ಮನುಷ್ಯ, ‘ಜೈ ಭೀಮ್’ನ (2021) ಪೊಲೀಸ್ ಅಧಿಕಾರಿ ತನ್ನ ಇಲಾಖೆಯ ಪಾಪವನ್ನೇ ಕೆದಕಬೇಕಾದವನು. ಎರಡೂ ಚೊಕ್ಕವಾದ ಕೆಲಸಗಳು. ಆದರೆ ಬೇರೆ ಸಮರ್ಥ ನಟರೂ ಅವನ್ನು ಮಾಡಬಲ್ಲರು. ವೆಂಗಡಂ, ಅಪ್ಪಣ್ಣರ ಜಾಗದಲ್ಲಿ ಬೇರೆಯವರನ್ನು ಊಹಿಸುವುದು ಕಷ್ಟ. ಅವರ ರಾಜಕೀಯ ನಿಲುವು ಒಪ್ಪದೆ ಚಿತ್ರಗಳನ್ನೂ ದೂರವಿಡುವವರಿದ್ದಾರೆ. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಿಂದ ಪಕ್ಷೇತರರಾಗಿ ನಿಂತು ಸೋತ ವ್ಯಕ್ತಿಗೆ ಮತ ಹಾಕುವುದು, ಬಿಡುವುದು ಮತದಾರನ ಹಕ್ಕು. ‘ಇರುವರ್’, ‘ಕಾಂಚೀವರಂ’ಗಳನ್ನು ಆ ಲೆಕ್ಕದಲ್ಲಿ ಕಳೆದುಕೊಂಡರೆ ನಷ್ಟ ನಟನಿಗಲ್ಲ.

ನಿಜವಾದ ನಷ್ಟ ಆಗಿರುವುದು ಕನ್ನಡಕ್ಕೆ. 1997ರಲ್ಲಿ ನಾಗಾಭರಣ ರೈ ಅವರಿಗೆ ದೊಡ್ಡದೊಂದು ಸವಾಲು ಕೊಟ್ಟರು. ಆಮೇಲೆ ಗಾಂಧಿನಗರ ಅವರನ್ನು ಹೆಚ್ಚಾಗಿ ಕರೆದದ್ದು ತಾರೆಯ ಎದುರಾಳಿಯಾಗಿ, ಇಲ್ಲವೇ ಚಿತ್ರಕ್ಕೊಂದು ತೂಕವಾಗಿ. ತಮಗೆ ತಕ್ಕ ಕನ್ನಡ ಪಾತ್ರಗಳನ್ನು ಅವರೇ ನಿರ್ದೇಶಿಸಿ ಅಥವಾ ನಿರ್ಮಾಣಕ್ಕೆ ಕೈಹಾಕಿ ಹುಟ್ಟಿಸಿಕೊಳ್ಳಬೇಕಾಯಿತು. ಬಿ. ಸುರೇಶ ಅವರ ‘ಪುಟ್ಟಕ್ಕನ ಹೈವೇ’ಗೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು, ಅದರ ನಿರ್ಮಾಣದಲ್ಲಿ ರೈ ಪಾಲುದಾರರು. ನಡುವಯಸ್ಸಿನ ಪ್ರೇಮದ ‘ಒಗ್ಗರಣೆ’ (2014), ಮಲಯಾಳಂನ ‘ಶಟರ್’ ಆಧರಿಸಿದ ‘ಇದೊಳ್ಳೆ ರಾಮಾಯಣ’ (2016) ಅವರದೇ ನಿರ್ದೇಶನ. ಎರಡನೆಯದನ್ನು ತಪ್ಪದೆ ನೋಡಬೇಕು. ಮನೆಯಲ್ಲಿ ದರ್ಪ ನಡೆಸುವ ಮರ್ಯಾದಸ್ಥ ಅಪ್ಪನೊಬ್ಬ, ಪ್ರಿಯಾಮಣಿ ನಟಿಸಿದ ವೇಶ್ಯೆಯ ಜೊತೆ, ಹೊರಗಿನಿಂದ ಬೀಗ ಬಿದ್ದ ಅಂಗಡಿಯೊಳಗೆ ಸಿಕ್ಕಿಬೀಳುತ್ತಾನೆ. ‘ನಾಗಮಂಡಲ’ದಲ್ಲಿ ಹೆಂಡತಿಯನ್ನು ಕೂಡಿಹಾಕಿದ ನಟ ಹತ್ತೊಂಬತ್ತು ವರ್ಷಗಳ ಬಳಿಕ ಬಾಗಿಲಿನ ಒಳಬದಿಗೆ ಬಂದಿದ್ದಾರೆ. ಈ ಎರಡು ಕನ್ನಡ ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಸಾಕು, ಈ ನಟನ ಹರವು ಎಷ್ಟೆಂಬುದು ಗೊತ್ತಾಗುತ್ತದೆ.

ಪಟ್ಟಿ ಉದ್ದವಾಯಿತು ಎನ್ನುವವರು ‘ನಾಗಮಂಡಲ’, ‘ಇರುವರ್’, ‘ಮೊಳಿ’, ‘ಕಾಂಚೀವರಂ’ ಈ ನಾಲ್ಕನ್ನು ಇದೇ ಸಾಲಿನಲ್ಲಿ ನೋಡಲಿ. ‘ಕಾಂಚೀವರಂ’ನಿಂದ ಮಾತ್ರ ಆರಂಭಿಸಬಾರದು, ಈ ನಟ ಗುಡುಗಿದ್ದನ್ನೂ ನಗಿಸಿದ್ದನ್ನೂ ಕಂಡವರಿಗೇ ಅಲ್ಲಿನ ಮೌನದ ಬೆಲೆ ತಿಳಿಯುವುದು. ನಾಲ್ಕರಲ್ಲಿ ಮೂರು ತಮಿಳಿನವು ಎಂಬುದು ಕನ್ನಡಿಗರಿಗೆ ಮುಜುಗರದ ಲೆಕ್ಕ. ಅದನ್ನು ಸರಿದೂಗಿಸುವ ಕೆಲಸ ಈಗ ಕನ್ನಡದ ಕಥೆಗಾರರದು, ನಿರ್ದೇಶಕರದು. ನಟ ತಯಾರಾಗಿ ಬಹಳ ವರ್ಷಗಳಾದವು.